ಮನಬಿಚ್ಚಿ ಮಾತಾಡುವ ಶನಿವಾರ

ಶನಿವಾರ ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಮನಬಿಚ್ಚಿ ಮಾತಾಡಬೇಕೆಂಬುದು ಕಾರ್ಖಾನೆಯ ಹೊಸ ಮ್ಯಾನೇಜರರ ಕಟ್ಟಳೆ. ವಾರವಾರವೂ "ಎಲ್ಲಾ ಚೆನ್ನಾಗಿದೆ ಸಾರ್" ಎಂದು ಜಾರಿಕೊಳ್ಳುತ್ತಿದ್ದ ರಾತ್ರಿ ಪಾಳಿಯ ಹೆಂಗಸೊಬ್ಬಳಿಗೆ ಇವತ್ತು ಆ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ.

"ಯಜಮಾನ್ರಿಗೆ ಲಕ್ವ ಹೊಡೆದಿದೆ ಸಾರ್. ಅವರಿಗೆ ರಾತ್ರಿ ಊಟ ತಿನ್ನಿಸೋ ಹೊತ್ತಲ್ಲಿ ನಾನು ಇಲ್ಲಿರ್ತೀನಿ. ಯಾರಿಗೂ ಹೇಳಿರ್ಲಿಲ್ಲ..." ಎಲ್ಲರೆದುರಿಗೇ ಅತ್ತುಬಿಟ್ಟಳು.

ಮ್ಯಾನೇಜರರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಉಳಿದವರು ಎದ್ದುಹೋದ ಮೇಲೆ ಅವಳು ಧೈರ್ಯ ಮಾಡಿ ಕೇಳಿದಳು: "ಹಾಗಾದ್ರೆ ಬೆಳಗಿನ ಪಾಳಿ ಕೊಡ್ತೀರಾ ಸಾರ್?"

"ಕೊಡೋಣಮ್ಮ, ಅವಸರ ಏನು? ಮುಂದಿನ ಶನಿವಾರ ಹೆಡ್ಡಾಫೀಸಿನವರು ನಮ್ಮ ಈ ಸಭೆ ನೋಡೋಕೆ ಬರ್ತಿದ್ದಾರೆ. ಈಗ್ಲೇ ಪಾಳಿ ಬದಲಾಯಿಸಿಬಿಟ್ರೆ, ಅವರ ಮುಂದೆ ನಿಮಗೆ ಹೀಗೆ ಅಳು ಬರುತ್ತಾ?"