ಮಾರಾಟಕ್ಕಿಲ್ಲದ ಬ್ಯಾಗು

“ಎತ್ತಿ ನೋಡಿ ಮೇಡಂ, ಕೈಯಲ್ಲಿದೆ ಅಂತಾನೂ ಗೊತ್ತಾಗಲ್ಲ,” ಎಂದು ಅಂಗಡಿಯ ಯಜಮಾನ ಹೊಸ ಸ್ಲೀಪಿಂಗ್ ಬ್ಯಾಗನ್ನು, ಕೊಳ್ಳಲು ಬಂದಿದ್ದ ಟೀಚರಮ್ಮನ ಕೈಗಿಟ್ಟ. “ಒಳಗಿರೋದು ಬಾತುಕೋಳಿ ಎಳೇ ಪುಕ್ಕ. ಇದರೊಳಗೆ ಸೇರ್ಕೊಂಡ್ರೆ ಹೊರಗೆ ಹಿಮ ಬಿದ್ರೂ ಬೆವರು ಬರತ್ತೆ.”

ಪರದೆಯ ಹಿಂದೆ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಹೊಲಿಗೆಯಕ್ಕ ಹಲ್ಲು ಕಚ್ಚಿದಳು. ಚಾರಣದ ಸಾಮಾನು ಮಾರುವ ಈ ಅಂಗಡಿಯಲ್ಲಿ ಹರಿದ ಟೆಂಟು, ಬ್ಯಾಗುಗಳನ್ನು ಹೊಲಿಯುತ್ತ ಅವಳಿಗೆ ಒಂಬತ್ತು ವರ್ಷವಾಗಿತ್ತು. ಯಜಮಾನ ಸುಳ್ಳು ಹೇಳುವವನಲ್ಲ, ಅವಳ ಮೈ ಉರಿಸುತ್ತಿದ್ದುದೇ ಅದು. ನಿಜವನ್ನು ಕತ್ತರಿಸಿ, ತನಗೆ ಬೇಕಾದ ತುಂಡನ್ನಷ್ಟೇ ಗಿರಾಕಿಯ ಮುಂದಿಡುವುದರಲ್ಲಿ ಅವನು ಪಳಗಿದ ಕೈ. ಪುಕ್ಕ ಹಗುರ, ಒಪ್ಪಿದಳು. ಬೆಚ್ಚಗೆ, ಅದನ್ನೂ ಒಪ್ಪಿದಳು. ನೆನೆದರೆ? ನೆನೆದು ಬಂದ ಬ್ಯಾಗುಗಳನ್ನು ಬಿಚ್ಚಿ ನೋಡಿದವಳು ಅವಳು. ಪುಕ್ಕವೆಲ್ಲ ಮೂಲೆ ಸೇರಿ ಮುದ್ದೆ ಕಟ್ಟಿರುತ್ತದೆ, ಉಳಿದ ಕಡೆ ಬರೀ ಎರಡು ಪದರ ಬಟ್ಟೆ. ಒಣಗಿಸಿ, ಒಂದೊಂದೇ ಗಂಟನ್ನು ಬೆರಳಲ್ಲಿ ಬಿಡಿಸಿ ಸರಿಮಾಡಲು ಅವಳಿಗೇ ಮೂರು ದಿನ ಬೇಕಿತ್ತು.

“ನನಗಲ್ಲ ಸಾರ್, ನನ್ನ ತಂಗಿಗೆ,” ಟೀಚರಮ್ಮನ ದನಿ ಕೇಳಿಸಿತು. “ಅವಳಿಗೆ ಉಬ್ಬಸ. ಥಂಡಿ ಹಿಡಿದ್ರೆ ಉಸಿರೇ ಸಿಕ್ಕಲ್ಲ. ಬೇಡ ಅಂದ್ರೂ ಕೇಳದೆ ನಾಳೆ ಬೆಟ್ಟಕ್ಕೆ ಹೊರಟಿದಾಳೆ. ಅಲ್ಲಿ ಮಳೆ ಅಂತಾರಲ್ಲ?”

“ಮಳೆಗೆ ಟೆಂಟ್ ಇರತ್ತಲ್ಲ ಮೇಡಂ.”

“ಪುಕ್ಕದ ಬದಲು ಸಿಂಥೆಟಿಕ್ ಹತ್ತಿ ತುಂಬಿರೋದು ಅಂತ ಇನ್ನೊಂದು ಬರತ್ತಂತೆ?”

“ಅಯ್ಯೋ, ಅದು ಕತ್ತೆ ಭಾರ. ಹಳೇ ಕಾಲದ್ದು. ನಾನೀಗ ತರಿಸೋದೇ ಇಲ್ಲ.”

ಹೊಲಿಗೆಯಕ್ಕನ ಮಡಿಲಲ್ಲಿ ಆ ಕತ್ತೆ ಭಾರದ್ದೇ ಒಂದು ಬ್ಯಾಗಿತ್ತು. ಬೆಳಿಗ್ಗೆ ಯಜಮಾನನೇ ಮನೆಯಿಂದ ಹೊತ್ತು ತಂದಿದ್ದ. ‘ಸಂಜೆಯೊಳಗೆ ಜಿಪ್ ಬದಲಾಯಿಸಮ್ಮ. ಮಗಳು ನಾಳೆ ಬೆಟ್ಟಕ್ಕೆ ಹೋಗ್ತಾಳೆ. ಐದು ದಿನವೂ ಮಳೆಯಂತೆ. ಇದಾದ್ರೆ ನೆನೆದ್ರೂ ಕೈಕೊಡಲ್ಲ.’ ಹೊಸ ಪುಕ್ಕದ್ದನ್ನೇ ಕೊಡಬಹುದಲ್ಲ ಸಾರ್ ಎಂದಿದ್ದಕ್ಕೆ, ‘ಆ ಮಳೇಲಾ? ತಲೆ ನೆಟ್ಟಗಿದೆಯಾ ನಿಂಗೆ?’ ಎಂದು ನಕ್ಕಿದ್ದ.

ಆ ನಗು ನೆನಪಾದದ್ದೇ ಅವಳ ಕಿವಿ ಬಿಸಿಯಾಯಿತು. ಪುಕ್ಕದ ಇಂಥ ಎಷ್ಟು ಬ್ಯಾಗು, ಎಷ್ಟು ಜನರ ಕೈ ಸೇರಿದವೋ. ಪರದೆಯ ಹಿಂದೆ ಕೂತು ಎಲ್ಲ ಕೇಳಿಸಿಕೊಂಡು, ತುಟಿ ಹೊಲಿದುಕೊಂಡಿದ್ದ ತನ್ನ ಮೇಲೂ ಅವಳಿಗೆ ಅಷ್ಟೇ ಸಿಟ್ಟು ಬಂತು. ಕೆಲಸ ಹೋದರೆ ಹೋಗಲಿ ಎಂದುಕೊಂಡು ದಾರ ಕಡಿದು ಎದ್ದಳು. ಪರದೆ ಸರಿಸಿ, ಬ್ಯಾಗನ್ನು ದೊಪ್ಪೆಂದು ಕೌಂಟರಿನ ಮೇಲೆ ಹಾಕಿದಳು.

“ಜಿಪ್ ಹಾಕಿದೀನಿ ಸಾರ್. ನಿಮ್ಮ ಮಗಳದ್ದು.”

“ಒಳಗಿಡು, ಆಮೇಲೆ ನೋಡ್ತೀನಿ,” ಯಜಮಾನ ಕಣ್ಣಲ್ಲೇ ಗದರಿದ.

“ಯಾಕೆ ಸಾರ್, ಮೇಡಮ್ಮೂ ನೋಡ್ಲಿ. ಇವರ ತಂಗಿ ಹೋಗೋ ಬೆಟ್ಟಕ್ಕೇ ಅಲ್ವಾ ನಿಮ್ಮ ಮಗಳು ಹೋಗ್ತಿರೋದು? ನಾಳೆಯೇ ಅಲ್ವಾ? ಪುಕ್ಕ ನೆನೆದ್ರೆ ಮುದ್ದೆ ಆಗತ್ತೆ ಮೇಡಂ, ಕಾವು ಇರಲ್ಲ. ಇದು ಸಿಂಥೆಟಿಕ್, ನೆನೆದ್ರೂ ಒಂದಿಷ್ಟು ಕಾವು ಉಳಿಸ್ಕೊಳತ್ತೆ. ನಾನು ಹೇಳಿದ್ದಲ್ಲ, ಬೆಳಿಗ್ಗೆ ಇವರೇ ಹೇಳಿದ್ದು.”

“ಒಳಗೆ ಹೋಗ್ತೀಯೋ, ಮನೆಗೆ ಹೋಗ್ತೀಯೋ?” ಯಜಮಾನ ರೇಗಿದ.

“ಮನೆಗೇ ಹೋಗ್ತೀನಿ. ಇವರು ಯಾವುದು ತಗೋತಾರೆ ಅಂತ ನೋಡ್ಕೊಂಡು ಹೋಗ್ತೀನಿ.”

ಟೀಚರಮ್ಮ ಹಳೇ ಬ್ಯಾಗನ್ನು ಒತ್ತಿ ನೋಡಿದಳು. ಹೊಸದನ್ನು ಒತ್ತಿ ನೋಡಿದಳು. ಆಮೇಲೆ ಹೊಸದನ್ನು ಮೆಲ್ಲಗೆ ಯಜಮಾನನ ಕಡೆಗೆ ತಳ್ಳಿದಳು.

“ಒಂದು ಕೆಲಸ ಮಾಡೋಣ ಸಾರ್. ಈ ಹಗುರದ್ದು ನಿಮ್ಮ ಮಗಳಿಗಿರಲಿ. ಆ ಕತ್ತೆ ಭಾರದ್ದು ನನ್ನ ತಂಗಿಗೆ ಕೊಡಿ.”

ಯಜಮಾನ ಬಾಯಿ ತೆರೆದ. ಅಷ್ಟರಲ್ಲಾಗಲೇ ಅವನ ಎರಡೂ ಕೈ ಹಳೇ ಬ್ಯಾಗನ್ನು ಎಳೆದು ಎದೆಗೆ ಅವುಚಿಕೊಂಡಿದ್ದವು.