ಹಾಡಿಗೆ ಹೋದ ಮಾತು

ರೆಕಾರ್ಡ್ ಮಾಡಿದ ಸದ್ದು ಹುಟ್ಟಿದ ಜಾಗದಲ್ಲಿ ಉಳಿಯುತ್ತಿರಲಿಲ್ಲ. ರೆಕಾರ್ಡಿಂಗ್ ಅಳಿಸಿದರೆ ಮಾತ್ರ ಹಿಂದಿರುಗುತ್ತಿತ್ತು. ಧಾರವಾಡದ ಶಿವಪುತ್ರ ಬ್ಯಾಂಕಿನಿಂದ ಬಂದವನೇ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟಲು ಕೂರುತ್ತಿದ್ದ. ಅವನ ಹಾಡಿಗೆ ಸೀಟಿ ಹೋಗಿ ಕುಕ್ಕರು ಮೂಕವಾದಾಗ ಹೆಂಡತಿ ನೀಲಾಂಬಿಕಾ ಹೊಂದಿಕೊಂಡಳು. ಹಬೆ ನೋಡಿ ಅನ್ನ ಇಳಿಸುವುದನ್ನು ರೂಢಿ ಮಾಡಿಕೊಂಡಳು.

ಆ ಸಂಜೆ ಐದು ವರ್ಷದ ಮಗಳು ಚಿನ್ಮಯಿ ಅಡುಗೆಮನೆಗೆ ಬಂದು ತಾಯಿಯ ಸೆರಗು ಜಗ್ಗಿದಳು. 'ಅವ್ವಾ' ಎಂದು ತುಟಿ ಆಡಿಸಿದಳು, ದನಿ ಬರಲಿಲ್ಲ. ಬೇರೆ ಮಾತೆಲ್ಲ ಬಂತು, ಅದೊಂದೇ ಇಲ್ಲ.

ನೀಲಾಂಬಿಕಾ ಗಂಡನ ಕೋಣೆಗೆ ನುಗ್ಗಿದಳು.

"ಕೂಸಿನ ಬಾಯಾಗಿನ ಮಾತು ಕಸ್ಕೊಂಡ್ರೇನ್ರಿ?"

"ಒಂದ ಶಬ್ದ ತಗೊಂಡೀನಿ, ನೀಲಾ. ಇಲ್ಲೆ ಕೇಳು, ಹಾಡು ಎಷ್ಟ್ ಚಂದ ಬಂದೈತಿ! ಆಕಿ ನಿನಗ ಮಮ್ಮಿ ಅನ್ಲಿ ಬಿಡು."

ಅವಳು ಅವನನ್ನು ಕುರ್ಚಿಯಿಂದ ಎಬ್ಬಿಸಿ, ಆ ರೆಕಾರ್ಡಿಂಗ್ ಅಷ್ಟೇ ಅಲ್ಲ, ಅವನು ಕಟ್ಟಿದ್ದ ಹಾಡುಗಳನ್ನೆಲ್ಲ ಅಳಿಸಿಬಿಟ್ಟಳು.

"ಎರಡು ವರ್ಷದ ಕೆಲಸ ಅದು!" ಎಂದು ಅವನು ಕೂಗಿದ.

"ಮತ್ತ ಮಾಡ್ರಿ. ಸದ್ದು ಬೇಕಾದ್ರ ನಿಮ್ಮ ಗಂಟಲಾಗಿಂದ ತಗೋರಿ!"

ಅಡುಗೆಮನೆಯಿಂದ ಮಗಳು "ಅವ್ವಾ" ಎಂದು ಕರೆದಳು. ಮತ್ತೆ ಕರೆದಳು. ಸಿಟ್ಟು ಇಳಿಯದಿದ್ದರೂ ನೀಲಾಂಬಿಕಾ ಓಗೊಡುತ್ತ ಅಡುಗೆಮನೆಗೆ ನಡೆದಳು.