ಸೂಪು ಹೇಗಿದೆ, ಮಾವ?

ನಾದಿನಿ ಬಂದವಳೇ ಸೀದಾ ಅಡುಗೆಮನೆಗೆ ನುಗ್ಗಿ, ಪಾತ್ರೆಯ ಮುಚ್ಚಳ ತೆಗೆದು ಸೂಪಿನ ರುಚಿ ನೋಡಿದಳು. ಚೆನ್ನಾಗಿಯೇ ಇತ್ತು. ತಪ್ಪು ಹುಡುಕಲು ಬಂದವಳಿಗೆ ಅದರಿಂದಲೇ ಅನುಮಾನ ಹೆಚ್ಚಾಯಿತು.

“ಅಪ್ಪ ಸೊರಗಿ ಕಡ್ಡಿಯಾಗಿದ್ದಾರೆ ಅಂತ ಕೇಳ್ದೆ. ಕಾರು ತಂದಿದ್ದೀನಿ ಅತ್ತಿಗೆ, ಕರ್ಕೊಂಡು ಹೋಗ್ತೀನಿ.”

“ಬೇಡಮ್ಮ, ಇಲ್ಲೇ ಇರ್ಲಿ,” ಎಂದಳು ಸೊಸೆ. “ನಾನು ಅವರಿಗೆ ಮಾಡ್ಬೇಕಾದ್ದು ಇನ್ನೂ ಇದೆ.”

ಯಾರು ನಂಬುತ್ತಾರೆ? ಮೇಷ್ಟ್ರು ಈ ಸೊಸೆಯನ್ನು ಹುರಿದು ಮುಕ್ಕಿದ್ದು ಇಡೀ ಬಂಧುಬಳಗಕ್ಕೆ ಗೊತ್ತು. ಜೀವಮಾನವೆಲ್ಲ ಇಂಗ್ಲಿಷ್ ಪಾಠ ಹೇಳಿದವರು. ನಿವೃತ್ತಿಯಾದ ಮೇಲೆ ಊಟದ ಮೇಜೇ ಕ್ಲಾಸಾಯಿತು. ಟೀ ಬ್ಯಾಡ್. ಇಸ್ತ್ರಿ ಬ್ಯಾಡ್. ನಿನ್ನ ಇಂಗ್ಲಿಷಂತೂ ವೆರಿ ಬ್ಯಾಡ್. ಅವಳ ತಾಯಿ ಕೊನೆಯುಸಿರು ಎಳೆಯುತ್ತಿದ್ದಾಳೆಂಬ ಫೋನು ಬಂದ ದಿನ, “ಅತಿಥಿಗಳಿದ್ದಾರೆ, ಬಡಿಸಿ ಹೋಗು” ಎಂದರು. ಅಳುತ್ತ ಮಾಡಿದ ಸೂಪಿಗೆ ಉಪ್ಪು ಹೆಚ್ಚಾಗಿತ್ತು. ಎಲ್ಲರೆದುರು ಬಟ್ಟಲು ತಳ್ಳಿ, “ದ ಸೂಪ್ ಈಸ್ ಬ್ಯಾಡ್” ಎಂದು ಅವಳ ಬಾಯಿಂದಲೇ ಹೇಳಿಸಿದರು. ಉಚ್ಚಾರಣೆ ಸರಿಯಾಗುವ ತನಕ ಬಿಡಲಿಲ್ಲ. ಅವಳು ತಲುಪುವಷ್ಟರಲ್ಲಿ ತಾಯಿ ಹೋಗಿಬಿಟ್ಟಿದ್ದಳು.

ಈಗ ಮೇಷ್ಟ್ರಿಗೆ ಲಕ್ವ ಹೊಡೆದು ಮಾತು ನಿಂತಿದೆ. ಬಲಗೈ ಏಳುವುದಿಲ್ಲ. ತಲೆ ಹೌದಿಗೂ ಅಲ್ಲಕ್ಕೂ ಒಂದೇ ಸಮ ಅಲ್ಲಾಡುತ್ತದೆ. ಮಾತು ಕಲಿಸುವ ಡಾಕ್ಟರಮ್ಮ ಅಭ್ಯಾಸವಿದ್ದ ಇಂಗ್ಲಿಷಿನಿಂದಲೇ ಶುರುಮಾಡಿ ಎಂದಿದ್ದಳು. ಮನೆಪಾಠವನ್ನು ಸೊಸೆ ಯಾರಿಗೂ ಬಿಟ್ಟುಕೊಡಲಿಲ್ಲ.

ನಾದಿನಿ ಕೋಣೆಗೆ ಹೋಗಿ ಅಪ್ಪನ ಪಕ್ಕ ಕುಳಿತಳು. ಸೊಸೆ ಸ್ವಲ್ಪ ತಡವಾಗಿ ಬಟ್ಟಲು ಹಿಡಿದು ಬಂದು ಒಂದು ಚಮಚ ಕುಡಿಸಿದಳು.

“ಸೂಪು ಹೇಗಿದೆ, ಮಾವ?”

ಮೇಷ್ಟ್ರ ಮುಖ ಕಿವುಚಿತು. ತುಟಿಗಳು ಬಿಗಿದವು, ಕತ್ತಿನ ನರ ಉಬ್ಬಿತು.

“ಗುಡ್.”

ನಾದಿನಿ ಬೆರಗಾದಳು. ಈ ಬಾಯಲ್ಲಿ ಈ ಮಾತೇ?

“ಅಪ್ಪಾ, ನಿಜ ಹೇಳಿ, ಹೆದರ್ಬೇಡಿ. ಅತ್ತಿಗೆ ನಿಮ್ಮನ್ನ ಹೇಗೆ ನೋಡ್ಕೋತಾರೆ? ಒಂದು ಮಾತು ಹೇಳಿ ಸಾಕು, ಈಗ್ಲೇ ಹೊರಟುಬಿಡೋಣ.”

ಮೇಷ್ಟ್ರು ಎಡಗೈಯಿಂದ ಮಂಚ ಗುದ್ದಿದರು. ಕಣ್ಣಲ್ಲಿ ನೀರು ಬಳಬಳ ಇಳಿಯಿತು.

“ಗುಡ್! ಗುಡ್! ಗುಡ್!”

ನಾದಿನಿಗೂ ಅಳು ತಡೆಯಲಾಗಲಿಲ್ಲ. “ನಾನು ಕ್ಲಾಸಿಗೇ ಮೊದಲು ಬಂದಾಗ್ಲೂ ನಂಗೆ ಈ ಮಾತು ಹೇಳಿರ್ಲಿಲ್ಲ. ಅದೇನು ಮೋಡಿ ಮಾಡಿದ್ರಿ ಅತ್ತಿಗೆ?”

“ಮೋಡಿ ಏನು ಬಂತು? ಅವರು ನಂಗೆ ಕಲಿಸಿದ ಹಾಗೇ ಕಲಿಸ್ದೆ. ಬಾಯಿಗೆ ಬರೋ ತನಕ ಬಿಡ್ಲಿಲ್ಲ.”

ನಾದಿನಿ ಅತ್ತಿಗೆಯನ್ನು ಅಪ್ಪಿಕೊಂಡು ಕ್ಷಮೆ ಕೇಳಿದಳು. ಇಂಥ ಕಡೆಯಿಂದ ಅಪ್ಪನನ್ನು ಕಿತ್ತುಕೊಂಡು ಹೋದರೆ ತನಗೇ ಪಾಪ ಎಂದಳು. ಕಾರು ಬಂದ ಹಾಗೇ ಖಾಲಿ ಹೋಯಿತು. ಅದರ ಸದ್ದು ಅಡಗುವವರೆಗೂ ಮೇಷ್ಟ್ರು ಕಿಟಕಿಯತ್ತ ನೋಡಿ ಗುಡ್ ಗುಡ್ ಎಂದು ಕೂಗುತ್ತಲೇ ಇದ್ದರು.

ಸೊಸೆ ಮತ್ತೆ ಮಂಚದ ಪಕ್ಕ ಕುಳಿತಳು. ಬಟ್ಟಲಿನ ತಳದಲ್ಲಿ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ಚೆನ್ನಾಗಿ ಕಲಕಿ ಇನ್ನೊಂದು ಚಮಚ ತುಂಬಿದಳು.

‘ಗುಡ್’, ‘ಬ್ಯಾಡ್’ ಎರಡನ್ನೂ ಜೊತೆಜೊತೆಗೇ ಹೇಳಿಸಬೇಕು, ಬಿಟ್ಟ ಮಾತು ಮತ್ತೆ ಬಾಯಿಗೆ ಬರಲಿಕ್ಕಿಲ್ಲ ಎಂದು ಡಾಕ್ಟರಮ್ಮ ಮೊದಲ ದಿನವೇ ಎಚ್ಚರಿಸಿದ್ದಳು. ಸೊಸೆ ಅದನ್ನು ಬಹಳ ಗಮನವಿಟ್ಟು ಕೇಳಿಸಿಕೊಂಡಿದ್ದಳು.